ವ್ಯಾನಿನ ಓಲಾಟವೂ ಕುಣಿಗಲ್ಲಿನ ಉಪ್ಪಿಟ್ಟೂ

ಪ್ರತಿ ಮನೆಯಲ್ಲೂ ಎಲ್ಲರ ತಪ್ಪನ್ನು ಹೊರುವುದಕ್ಕೆಂದೇ ಒಂದು ವಸ್ತು ಇರುತ್ತದೆ. ಕೆಲವರಿಗೆ ಅದು ಅಡುಗೆಮನೆಯ ದಿಕ್ಕು. ಮಗ ಫೇಲಾದರೂ, ಸೊಸೆ ಮುನಿಸಿಕೊಂಡರೂ, ಬೋರ್‌ವೆಲ್ ಕೈಕೊಟ್ಟರೂ ಕೊನೆಗೆ ಮಾತು ಒಲೆಯ ಹತ್ತಿರ ಬಂದು ನಿಲ್ಲುತ್ತದೆ. ನಮ್ಮ ಪಕ್ಕದ ಮನೆಯವರು ಎದುರಿಗಿರುವ ಕರೆಂಟ್ ಕಂಬವನ್ನು ಈ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ಗುಬ್ಬಿಯ ನಮ್ಮ ಮನೆಯಲ್ಲಿ ಅಪ್ಪ ಬಿಟ್ಟುಹೋದ ವ್ಯಾನು ಇದೆ. ನನಗೆ ಇನ್ನೂ ಮದುವೆಯಾಗದೆ ಇರುವುದಕ್ಕೂ ಈ ವ್ಯಾನೇ ಕಾರಣ ಎಂದು ನಾನು ಬಹಳ ದಿನ ನಂಬಿದ್ದೆ. ಆ ನಂಬಿಕೆಯನ್ನು ಹಾಗೇ ಇಟ್ಟುಕೊಂಡಿದ್ದರೆ ಈಗ ಎಷ್ಟೋ ನೆಮ್ಮದಿಯಾಗಿರುತ್ತಿದ್ದೆ. ರಿಪೇರಿ ಮಾಡಲು ಹೋದದ್ದು ತಪ್ಪಾಯಿತು.

ಊರಲ್ಲಿ ಎಲ್ಲರೂ ಮೆಟಡೋರ್ ಎಂದು ಕರೆಯುವ ಜಾತಿಯ ಗಾಡಿ ಅದು. ದುಂಡು ದೀಪ, ಚಪ್ಪಟೆ ಮೂತಿ, ಜೋರಾಗಿ ಎಳೆದರೆ ಕೈಗೇ ಬಂದುಬಿಡುವ ಬಾಗಿಲು. ನಾನು ತುಮಕೂರಿನ ಕಾಲೇಜೊಂದರ ಲ್ಯಾಬಿನಲ್ಲಿ ಸಹಾಯಕ. ಒಮ್ಮೆ ಅದನ್ನು ಕಾಲೇಜಿಗೆ ಒಯ್ದಿದ್ದಾಗ ಹುಡುಗರು ಸುತ್ತ ನಿಂತು ಫೋಟೋ ತೆಗೆದುಕೊಂಡರು. "ಸಾರ್, ವಿಂಟೇಜ್" ಎಂದರು. ವಿಂಟೇಜ್ ಎಂದರೆ ಮಾರಲು ಹೋದರೆ ಯಾರೂ ಕೊಳ್ಳದ, ಇಟ್ಟುಕೊಂಡರೆ ಎಲ್ಲರೂ ಫೋಟೋ ತೆಗೆಯುವ ವಸ್ತು ಎಂದು ಅವತ್ತು ತಿಳಿಯಿತು. ಅಪ್ಪ ಅದರಲ್ಲಿ ಮದುವೆ ದಿಬ್ಬಣಗಳನ್ನು ಕರೆದೊಯ್ಯುತ್ತಿದ್ದರು. ಅವರು ಹೋದ ಮೇಲೆ ಅಮ್ಮ ಬೇರೆ ಯಾವ ಗಾಡಿಯನ್ನೂ ಹತ್ತಲಿಲ್ಲ. ಈ ಗಾಡಿಯನ್ನು ಹತ್ತಿದರೆ ವಾಂತಿ ಮಾಡಿಕೊಳ್ಳದೆ ಇಳಿಯಲೂ ಇಲ್ಲ.

ವ್ಯಾನಿನ ಕಾಯಿಲೆ ಓಲಾಟ. ಸಣ್ಣ ತಿರುವು ಬಂದರೂ ಅದರ ಹಿಂಭಾಗ ಮೊದಲು ಒಂದು ಕಡೆಗೆ ವಾಲಿ, ಸ್ವಲ್ಪ ಯೋಚನೆ ಮಾಡಿ, ಆಮೇಲೆ ಇನ್ನೊಂದು ಕಡೆಗೆ ವಾಲುತ್ತದೆ. ಒಳಗಿರುವವರ ಹೊಟ್ಟೆಯೂ ಅದೇ ಕ್ರಮದಲ್ಲಿ ಹೋಗಿಬರುತ್ತದೆ. ಲ್ಯಾಬಿನ ಕೆಲಸದಿಂದ ಅಂಟಿದ ಚಟವೋ ಏನೋ, ನಾನು ಎಲ್ಲವನ್ನೂ ಡೈರಿಯಲ್ಲಿ ತಾರೀಖು ಹಾಕಿ ಬರೆದಿಡುತ್ತೇನೆ. ಯಾರು, ಯಾವ ತಿರುವಿನಲ್ಲಿ, ಎಷ್ಟು ಸಲ ವಾಂತಿ ಮಾಡಿಕೊಂಡರು ಎಂದು ಗೆರೆ ಎಳೆದು ಲೆಕ್ಕ ಇಟ್ಟಿದ್ದೇನೆ. ಅಮ್ಮನ ಹೆಸರಿನ ಮುಂದಿನ ಗೆರೆಗಳು ಬೇಲಿಯ ಹಾಗೆ ಕಾಣುತ್ತವೆ. ಇದನ್ನು ನೋಡಿ ಅಮ್ಮ ಒಮ್ಮೆ, "ನಿಮ್ಮಪ್ಪ ಓಡ್ಸುವಾಗ ಒಂದಿನಾನೂ ಹಿಂಗಾಗ್ತಿರ್ಲಿಲ್ಲ. ಅದನ್ನೂ ಬರ್ಕೋ" ಎಂದಳು. ಬರೆದುಕೊಂಡೆ.

ಇಂಥ ವ್ಯಾನಿನಲ್ಲಿ ನಾವು ಕುಣಿಗಲ್ಲಿಗೆ ಹೆಣ್ಣು ನೋಡಲು ಹೋದೆವು. ಸಂಬಂಧ ತಂದವರು ನಿಟ್ಟೂರಿನ ದೊಡ್ಡಮ್ಮ. ತುಮಕೂರು ದಾಟಿ ಹೆಬ್ಬೂರಿನ ದಾರಿ ಹಿಡಿಯುವಷ್ಟರಲ್ಲಿ ಅಮ್ಮ ಎರಡು ಗೆರೆ, ದೊಡ್ಡಮ್ಮ ಒಂದು ಗೆರೆ. ಮನೆ ಮುಂದೆ ಇಳಿದಾಗ ಇಬ್ಬರ ಮುಖವೂ ಸುಣ್ಣ ಬಳಿದಂತಿತ್ತು. ಓಡಿಸುವವನಿಗೆ ವಾಂತಿ ಬರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಆದರೆ ಹೆಣ್ಣು ನೋಡಲು ಹೋಗುವ ಡ್ರೈವರ್ ವಿಷಯ ಅವರಿಗೂ ಗೊತ್ತಿರಲಿಲ್ಲ. ನನ್ನ ಹೊಟ್ಟೆಯೂ ಗಂಟಲಿಗೆ ಬಂದು ಕೂತಿತ್ತು.

ಹುಡುಗಿಯ ತಂದೆ ಶಿವಣ್ಣನವರು ಮೆತ್ತಗೆ ಮಾತಾಡುವ ಮನುಷ್ಯ. ತಟ್ಟೆಗಳಲ್ಲಿ ಉಪ್ಪಿಟ್ಟು, ಕೇಸರಿಬಾತು, ಕೋಡುಬಳೆ ಬಂತು. ಉಪ್ಪಿಟ್ಟಿನ ಮೇಲೆ ತುಪ್ಪ ಹೊಳೆಯುತ್ತಿತ್ತು. ಅಮ್ಮ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡಳು. ದೊಡ್ಡಮ್ಮ ಒಂದು ಕೋಡುಬಳೆ ಮುರಿದು, ಎರಡೂ ಚೂರನ್ನು ತಟ್ಟೆಗೇ ಹಾಕಿದರು. "ತಗಳಿ, ತಗಳಿ" ಎಂದು ಶಿವಣ್ಣನವರು ನಾಲ್ಕು ಸಲ ಹೇಳಿದರು. ನಾವು ನಗುತ್ತಾ ಕೂತೆವು. ದಾರಿಯಲ್ಲಿ ವಾಂತಿ ಆಯಿತು ಎಂದು ಒಂದು ಮಾತು ಹೇಳಬಹುದಿತ್ತು. ಆದರೆ ಮೊದಲ ಸಲ ಹೋದ ಮನೆಯಲ್ಲಿ, ಉಪ್ಪಿಟ್ಟಿನ ತಟ್ಟೆಯ ಮುಂದೆ, ಆ ಮಾತು ಹೇಳುವುದು ಹೇಗೆ? ಅಮ್ಮ, "ಈಗ್ತಾನೆ ಮನೇಲಿ ತಿಂಡಿ ಆಯ್ತು" ಎಂದಳು. ನಾವು ಗುಬ್ಬಿಯಿಂದ ಬಂದವರು. ಈಗತಾನೆ ಎಂಬುದನ್ನು ಅಲ್ಲಿ ಯಾರೂ ನಂಬಲಿಲ್ಲ.

ಹುಡುಗಿಯ ಹೆಸರು ಸವಿತಾ. ಕಾಫಿ ತಂದವಳು ನನ್ನ ಮುಖ ನೋಡಿ, ಲೋಟ ಕೊಡದೆ ಒಂದು ಕ್ಷಣ ನಿಂತು, "ಕಾಫಿ ಬೇಡ ಅನ್ಸತ್ತೆ. ಮಜ್ಜಿಗೆ ತರ್ಲಾ?" ಎಂದು ಮೆಲ್ಲಗೆ ಕೇಳಿದಳು. ಇಷ್ಟು ಹೊತ್ತಿನಲ್ಲಿ ನನ್ನ ಸ್ಥಿತಿ ಅರ್ಥವಾದದ್ದು ಅವಳೊಬ್ಬಳಿಗೇ. ನನಗೆ ಅಲ್ಲಿಯೇ ಮನಸ್ಸು ನಿಂತಿತು. ಬಾಯಿಂದ ಬಂದದ್ದು ಮಾತ್ರ "ಬೇಡ" ಎಂದು. ಯಾವುದಕ್ಕೂ ಮೊದಲು ಬೇಡ ಎನ್ನಬೇಕೆಂದು ಚಿಕ್ಕಂದಿನಿಂದ ಕಲಿಸಿದ್ದರು. ಎರಡನೆಯ ಸಲ ಕೇಳಿದರೆ ಹೂಂ ಎನ್ನುವವನಿದ್ದೆ. ಅವಳು ಎರಡನೆಯ ಸಲ ಕೇಳಲಿಲ್ಲ.

ವಾರ ಕಳೆದ ಮೇಲೆ ದೊಡ್ಡಮ್ಮನ ಮೂಲಕ ಸುದ್ದಿ ಬಂತು. ನೀರು ಕೂಡ ಮುಟ್ಟದೆ ಎದ್ದುಹೋದವರು ಒಪ್ಪಿಲ್ಲವೆಂದೇ ಅರ್ಥ, ಬಾಯಿಬಿಟ್ಟು ಹೇಳುವ ಕಷ್ಟ ಅವರಿಗೆ ಬೇಡ ಎಂದು ಶಿವಣ್ಣನವರು ಅಂದರಂತೆ. ನಾನು ಡೈರಿ ತೆಗೆದು ಆ ತಾರೀಖಿನ ಮುಂದೆ "ಕಾರಣ: ವ್ಯಾನು" ಎಂದು ಬರೆದೆ. ದೊಡ್ಡಮ್ಮನಿಗೆ ಫೋನ್ ಮಾಡಿ, ನಡೆದದ್ದನ್ನು ಅವರಿಗೆ ತಿಳಿಸಿ ಎಂದು ಬೇಡಿಕೊಂಡೆ. ನನ್ನ ಜೀವಮಾನದಲ್ಲಿ ನಾನಾಗಿ ಕೇಳಿದ ಮೊದಲ ವಿಷಯ ಅದು. ದೊಡ್ಡಮ್ಮ ಶಿವಣ್ಣನವರ ಜೊತೆ ಫೋನಿನಲ್ಲಿ ಮಾತಾಡಿ ನನಗೆ ಹೇಳಿದರು: "'ಅಯ್ಯೋ ಪಾಪ, ಹಂಗಾ. ಹಂಗಾದ್ರೆ ಇನ್ನೊಂದ್ಸಲ ಬರಕ್ಕೇಳಿ, ಊಟ ಮಾಡ್ಕೊಂಡು ಹೋಗ್ಲಿ' ಅಂದ್ರು ಕಣೋ. ದಸರಾ ಕಳೀಲಿ ಅಂದ್ರು."

ದಸರೆಗೆ ಇನ್ನೂ ದಿನವಿತ್ತು. ಓಡಿದೆ ರಿಯಾಜ್ ಹತ್ತಿರ.

ರಿಯಾಜ್ ನನ್ನ ಜೊತೆ ಓದಿದವನು. ಗುಬ್ಬಿ ಸ್ಟೇಷನ್ ರಸ್ತೆಯಲ್ಲಿ ಅವನ ಗ್ಯಾರೇಜು. ವಿಷಯವನ್ನೆಲ್ಲ ಕೇಳಿ, "ಏನ್ಲಾ ಮಂಜ, ಹುಡ್ಗಿ ನೋಡಕ್ಕೆ ಹೋಗೋರು ಕಟಿಂಗ್ ಮಾಡುಸ್ತಾರೆ, ಹೊಸ ಶರ್ಟ್ ತಗೋತಾರೆ. ಗಾಡಿ ಸೊಂಟ ರಿಪೇರಿ ಮಾಡ್ಸೋ ಗಂಡು ನೀನೊಬ್ನೇ ಕಣೋ" ಎಂದ. ಆಮೇಲೆ ವ್ಯಾನಿನ ಹಿಂದೆ ನಿಂತು ಎರಡೂ ಕೈಯಲ್ಲಿ ಅದನ್ನು ಅಲ್ಲಾಡಿಸಿದ. ಅವನು ಕೈ ತೆಗೆದ ಮೇಲೂ ಅದು ಅಲ್ಲಾಡುತ್ತಿತ್ತು. "ಸ್ವೇ ಬಾರ್ ಹಾಕ್ಬೇಕು" ಎಂದ. ಅಂದರೆ ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ, ದೊಡ್ಡ ಬಕೆಟ್ಟಿನ ಹಿಡಿಯಂತೆ ಬಾಗಿರುವ ಒಂದು ಉಕ್ಕಿನ ಸರಳು. "ಗಂಡ ಹೆಂಡ್ತಿ ಇದ್ದಂಗೆ. ಒಂದು ಕಡೆ ಮೇಲಕ್ಕೆದ್ರೆ ಇನ್ನೊಂದನ್ನೂ ಎಳ್ಕೊಂಡು ಏಳತ್ತೆ. ಒಬ್ರನ್ನೇ ವಾಲಕ್ಕೆ ಬಿಡಲ್ಲ. ನಿಂಗೆ ಅರ್ಥ ಆಗಲ್ಲ ಬುಡು."

ಈ ವ್ಯಾನಿಗೆ ಹೊಸದು ಸಿಗುವ ಮಾತೇ ಇರಲಿಲ್ಲ. ತುಮಕೂರಿನ ಗುಜರಿ ಅಂಗಡಿಗಳನ್ನು ಸಂಜೆ ಸಂಜೆ ಅಲೆದೆ. ಕೊನೆಗೆ ಒಂದು ಕಡೆ, ಒಡೆದುಹಾಕಿದ ಶಾಲಾ ವ್ಯಾನಿನದು, ತುಕ್ಕು ಹಿಡಿದು ಗೋಡೆಗೆ ನೇತಾಡುತ್ತಿತ್ತು. ಅಂಗಡಿಯವರು ಯಾವ ಗಾಡಿಗೆ ಎಂದು ಕೇಳಿದರು. ಹೇಳಿದೆ. ಯಾರಾದರೂ ತೀರಿಕೊಂಡ ಸುದ್ದಿ ಕೇಳಿದಂತೆ ತಲೆ ಆಡಿಸಿ, ಒರೆಸಿ ಕೊಟ್ಟರು. ಅದನ್ನು ರೈಲಿನಲ್ಲಿ ಗುಬ್ಬಿಗೆ ತಂದೆ. ಅದು ಸೀಟಿನ ಕೆಳಗೂ ಹೋಗದು, ಮೇಲೂ ನಿಲ್ಲದು. ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಎದುರಿನ ಅಜ್ಜಿ ಬಹಳ ಹೊತ್ತು ನೋಡಿ, "ಮಗಾ, ತೊಟ್ಲು ಕಟ್ಟಕ್ಕಾ?" ಎಂದು ಕೇಳಿದರು. ಅಷ್ಟು ದೂರ ಇನ್ನೂ ಹೋಗಿಲ್ಲಜ್ಜಿ ಎಂದು ಹೇಳಬೇಕೆನಿಸಿತು. ಹೂಂ ಎಂದೆ.

ಕೂರಿಸುವ ಕೆಲಸ ಒಂದು ಭಾನುವಾರದ್ದು ಎಂದುಕೊಂಡಿದ್ದೆವು. ಅಳತೆ ನನ್ನ ಪಾಲಿಗೆ ಬಂತು. ಅಳತೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಜ್ಯಾಕ್ ಹಾಕಿ ವ್ಯಾನನ್ನು ಎತ್ತಿ, ಕೆಳಗೆ ಮಲಗಿ, ಮೂರು ಮೂರು ಸಲ ಟೇಪು ಹಿಡಿದು ಬರೆದುಕೊಂಡೆ. ರಿಯಾಜ್ ಅದರ ಪ್ರಕಾರ ಪಟ್ಟಿ ಕತ್ತರಿಸಿ, ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ ವೆಲ್ಡಿಂಗ್ ಮಾಡಿದ. ಹಳೆಯ ಬಾರಿನ ರಬ್ಬರೆಲ್ಲ ಪುಡಿಯಾಗಿತ್ತು. ಲಾರಿ ಟೈರನ್ನು ಕೊಯ್ದು ಹೊಸದು ಮಾಡಿದ. ನಟ್ಟು ಬಿಗಿದು ವ್ಯಾನನ್ನು ಕೆಳಗಿಳಿಸಿದೆವು. ಇಳಿಯುತ್ತಿದ್ದಂತೆ ವ್ಯಾನು ತನ್ನ ಭಾರಕ್ಕೆ ಕುಸಿಯಿತು, ಚಕ್ರಗಳು ಮೇಲಕ್ಕೆ ಬಂದವು, ಬಾರು ಹೋಗಿ ಸೈಲೆನ್ಸರಿಗೆ ಆತುಕೊಂಡಿತು. ಚಕ್ರಗಳು ಗಾಳಿಯಲ್ಲಿ ನೇತಾಡುವಾಗ ತೆಗೆದ ಅಳತೆ ಅದು. ನೆಲದ ಮೇಲೆ ನಿಂತ ಗಾಡಿಯನ್ನು ನಾನು ಅಳೆದೇ ಇರಲಿಲ್ಲ. ರಿಯಾಜನಿಗೂ ಅದು ಹೊಳೆದಿರಲಿಲ್ಲ. ಆದ್ದರಿಂದ ಬೈಯುವ ಹಕ್ಕು ಇಬ್ಬರಿಗೂ ಇರಲಿಲ್ಲ. ಹಾಗೇ ಮನೆಗೆ ಓಡಿಸಿಕೊಂಡು ಹೋದೆ. ರಸ್ತೆಯ ಪ್ರತಿ ಉಬ್ಬಿಗೂ ಬಾರು ಸೈಲೆನ್ಸರಿಗೆ ಬಡಿದು ಗಂಟೆಯ ಸದ್ದು ಬರುತ್ತಿತ್ತು. ಅಮ್ಮ ಬಾಗಿಲಿಗೆ ಬಂದು, "ಯಾವ ದೇವ್ರೋ ಬರ್ತಾ ಐತೆ ಅಂದ್ಕಂಡೆ" ಎಂದಳು.

ಮುಂದಿನ ಭಾನುವಾರ ಎಲ್ಲ ಕತ್ತರಿಸಿ, ಗಾಡಿಯನ್ನು ನೆಲದ ಮೇಲೇ ನಿಲ್ಲಿಸಿ ಮತ್ತೆ ಅಳೆದು, ಬಾರನ್ನು ತಿರುಗಿಸಿ ಕೂರಿಸಿದೆವು. ಅಮ್ಮ ಬಾರಿಗೂ ಕುಂಕುಮ ಹಚ್ಚಬೇಕೆಂದಳು. ಅವಳು ಬಗ್ಗಲಾರಳು. ರಿಯಾಜನೇ ಕೆಳಗೆ ಮಲಗಿ ಹಚ್ಚಿ ಬಂದು, "ಅಮ್ಮ, ಎರ್ಡೂ ಕಡೆ ಹಚ್ಚಿದೀನಿ, ಒಂದು ಕಡೆಗೆ ಹಚ್ಚಿದ್ರೆ ಮತ್ತೆ ವಾಲತ್ತೆ" ಎಂದ. ಪರೀಕ್ಷೆಗೆ ದೇವರಾಯನದುರ್ಗದ ಬೆಟ್ಟ ಹತ್ತಿಸಿದೆವು. ಅಮ್ಮ ಪ್ಲಾಸ್ಟಿಕ್ ಕವರನ್ನು ಬಾಯಿ ತೆರೆದು ತೊಡೆಯ ಮೇಲೆ ಸಿದ್ಧವಾಗಿ ಹಿಡಿದಿದ್ದಳು. ತಿರುವಿನ ಮೇಲೆ ತಿರುವು ಕಳೆಯಿತು. ಕವರು ಖಾಲಿಯೇ ಇಳಿಯಿತು. ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ನಿಮ್ಮಪ್ಪ ಓಡ್ಸಿದಂಗಿತ್ತು" ಎಂದಳು.

ದಸರಾ ಕಳೆದ ಮೇಲೆ ಕುಣಿಗಲ್ಲಿಗೆ ಹೊರಟೆವು. ದಾರಿಯಲ್ಲಿ ಒಂದೇ ಒಂದು ಗೆರೆಯೂ ಬೀಳಲಿಲ್ಲ. ಎಲೆ ಹಾಕಿ ಒಬ್ಬಟ್ಟಿನ ಊಟ ಬಡಿಸಿದರು. ಅಮ್ಮ ಮೂರು ಒಬ್ಬಟ್ಟು ತಿಂದಳು. ದೊಡ್ಡಮ್ಮ ಎಷ್ಟು ತಿಂದರೆಂದು ನಾನು ಎಣಿಸಲಿಲ್ಲ, ಹಿರಿಯರು. ಶಿವಣ್ಣನವರು ಪ್ರತಿ ಎಲೆಯ ಮುಂದೆ ನಿಂತು ಬಡಿಸಿದರು. ನಾವು ತಿಂದಷ್ಟೂ ಅವರ ಮುಖ ಅರಳುತ್ತಿತ್ತು. ಕೊನೆಗೆ ಸವಿತಾ ಮಜ್ಜಿಗೆ ತಂದಳು. ನಾನು ಬೇಡ ಎನ್ನಲಿಲ್ಲ. ಎರಡು ಲೋಟ ಕುಡಿದೆ. ಅವಳು ನಕ್ಕಳು. ಅಮ್ಮನಿಗೆ ಅರಿಸಿನ ಕುಂಕುಮ, ಎಲೆ ಅಡಿಕೆ, ಕಾಯಿ, ರವಿಕೆ ಕಣ ಕೊಟ್ಟಾಗ ಅಮ್ಮ ನನ್ನ ಕಡೆ ನೋಡಿದ ನೋಟದಲ್ಲಿ ಛತ್ರವೇ ಬುಕ್ ಆಗಿತ್ತು.

ತಾಂಬೂಲದ ತಟ್ಟೆಯಲ್ಲಿ, ಕಾಯಿಯ ಕೆಳಗೆ, ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ ಮದುವೆಯ ಕಾರ್ಡು ಇತ್ತು.

"ಕಾರ್ತೀಕದಲ್ಲಿ ಮಗಳ ಮದುವೆ, ತುಮಕೂರಿನ ಛತ್ರದಲ್ಲಿ. ನೀವು ಬಂದೋದ ಮೇಲೆ ಕೂಡಿಬಂತು" ಎಂದರು ಶಿವಣ್ಣನವರು. "ಮದುವೆ ಆಗೋ ಮನೇಲಿ ಯಾರೋ ಬರೀ ಹೊಟ್ಟೇಲಿ ಎದ್ದೋದ್ರಲ್ಲಾ ಅನ್ನೋದು ನಂಗೆ ಕೊರೀತಾ ಇತ್ತು. ನೀವು ಬಂದು ಉಂಡ್ರಿ, ಈಗ ಮನಸ್ಸು ಹಗುರಾಯ್ತು." ದೊಡ್ಡಮ್ಮ ಒಬ್ಬಟ್ಟು ತಿಂದ ಕೈಯನ್ನು ಸೆರಗಿನಲ್ಲಿ ಒರೆಸುತ್ತಲೇ ಇದ್ದರು. ಶಿವಣ್ಣನವರು ಫೋನಿನಲ್ಲಿ ಕರೆದದ್ದು ಊಟಕ್ಕೆ. ನಾವೂ ಮಾಡಿದ್ದು ಊಟವನ್ನೇ. ನಡುವೆ ಹುಡುಗಿಯನ್ನು ಸೇರಿಸಿಕೊಂಡವರು ನಾವು.

ಹೊರಡುವಾಗ ಶಿವಣ್ಣನವರು ವ್ಯಾನನ್ನು ಸುತ್ತಿ ನೋಡಿದರು. "ಈಗ ಓಲಾಡಲ್ವಂತೆ. ನಿಮ್ ದೊಡ್ಡಮ್ಮ ಅಂದ್ರು. ನಮ್ ಸವಿತಂಗೆ ಏಸಿ ಕಾರಾದ್ರೆ ತಲೆ ಸುತ್ತತ್ತೆ. ಹೆಣ್ಣಿನ ದಿಬ್ಬಣಕ್ಕೆ ನಿಮ್ ಗಾಡೀನೇ ಬಂದ್ರೆ ಉಪಕಾರ ಆಗ್ತಿತ್ತು." ಅಪ್ಪನ ಗಾಡಿ ದಿಬ್ಬಣಕ್ಕೆ ಇಲ್ಲ ಎಂದದ್ದಿಲ್ಲ. "ಆಗ್ಲಿ" ಎಂದೆ. ವಾಪಸ್ಸು ಬರುವಾಗ ವ್ಯಾನು ಹಳಿಯ ಮೇಲೆ ಹೋದಂತೆ ಹೋಯಿತು. ವಾಂತಿಯಾದರೂ ಬಂದಿದ್ದರೆ ಒಳಗಿನದು ಸ್ವಲ್ಪ ಹೊರಗೆ ಹೋಗುತ್ತಿತ್ತು ಎಂದುಕೊಂಡೆ. ಅದಕ್ಕೂ ಬಾರು ಬಿಡಲಿಲ್ಲ.

ದಿಬ್ಬಣದ ಹಿಂದಿನ ದಿನ ಗಾಡಿಯನ್ನು ರಿಯಾಜನಿಗೆ ತೋರಿಸಿದೆ. ಅವನು ಕೆಳಗಿನಿಂದಲೇ, "ಏನ್ಲಾ, ಎರ್ಡು ನಟ್ ಲೂಸ್ ಮಾಡ್ಬುಡ್ಲಾ? ಛತ್ರ ಸೇರೋದ್ರೊಳಗೆ ಎಲ್ರಿಗೂ ವಾಂತಿ, ಮದುವೆ ಊಟ ಎಲ್ಲಾ ಉಳ್ದೋಯ್ತದೆ" ಎಂದ. ಬೇಡ ಎಂದೆ. ಸುಮ್ಮನೆ ಬೇಡ ಎಂದವನು ಅಲ್ಲಿಂದ ಹೋಗಬಹುದಿತ್ತು. ನಿಂತು, ಬಾರಿನ ನಾಲ್ಕೂ ನಟ್ಟುಗಳನ್ನು ಇನ್ನೊಂದು ಸುತ್ತು ಬಿಗಿಸಿದೆ. ಅವನು ಹೊರಬಂದು ಕೈ ಒರೆಸಿಕೊಂಡು ನನ್ನ ಭುಜ ತಟ್ಟಿದ. ಶರ್ಟಿಗೆ ಗ್ರೀಸ್ ಹತ್ತಿತು.

ಕುಣಿಗಲ್ಲಿನಿಂದ ತುಮಕೂರಿನವರೆಗೆ ಸವಿತಾ ಹೆಂಗಸರ ನಡುವೆ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದಳು. ಹೆಬ್ಬೂರಿನ ಹತ್ತಿರ ಒಮ್ಮೆ ಕನ್ನಡಿಯಲ್ಲಿ ನೋಡಿದೆ. ತಲೆ ಇದ್ದಲ್ಲೇ ಇತ್ತು. ಮತ್ತೆ ನೋಡಲಿಲ್ಲ. ಡೈರಿಯಲ್ಲಿ ಆ ತಾರೀಖಿನ ಮುಂದೆ ಸೊನ್ನೆ.

ಮಾರನೆಯ ದಿನ ಧಾರೆಯಾದ ಮೇಲೆ ಶಿವಣ್ಣನವರು ಆ ಗದ್ದಲದಲ್ಲೂ ನನ್ನನ್ನು ಹುಡುಕಿಕೊಂಡು ಬಂದು, ಪಂಕ್ತಿಯಲ್ಲಿ ಕೂರಿಸಿದರು. ಎಲೆ ಬಂತು, ಪಾಯಸ ಬಂತು, ಒಬ್ಬಟ್ಟು ಬಂತು. ಅನ್ನ ಕಲಸಿದೆ. ಕಲಸಿದ್ದನ್ನು ಎಲೆಯ ಅಂಚಿಗೆ ಸರಿಸಿದೆ. ಯಾರೂ ನೋಡುತ್ತಿಲ್ಲವೆಂದುಕೊಂಡು ಎಲೆ ಮಡಚಿ ಎದ್ದೆ. ಒಬ್ಬರು ನೋಡುತ್ತಿದ್ದರು.

ನಿನ್ನೆ ದೊಡ್ಡಮ್ಮನ ಫೋನ್ ಬಂತು. "ಶಿವಣ್ಣನೋರು ಬೇಜಾರು ಮಾಡ್ಕೊಂಡವ್ರೆ ಕಣೋ. ಮದುವೆ ಮನೇಲಿ ನೀನು ಉಣ್ಣದೆ ಎದ್ದೋದ್ಯಂತೆ. ಮಗಳು ಅಳಿಯ ಹಬ್ಬಕ್ಕೆ ಬರ್ತಾವ್ರೆ, ಅವತ್ತು ಬಂದು ಊಟ ಮಾಡ್ಕೊಂಡು ಹೋಗ್ಲೇಬೇಕು ಅಂತಾವ್ರೆ. ಏನಾಗಿತ್ತು ನಿಂಗೆ?"

ವ್ಯಾನು ಎನ್ನಲು ಬಾಯಿ ತೆರೆದೆ. ಕಿಟಕಿಯಾಚೆ ಅದು ಒಂದಿಷ್ಟೂ ವಾಲದೆ ನೆಟ್ಟಗೆ ನಿಂತಿತ್ತು.