ಹಲಗೆಗೆ ಎಷ್ಟು ರೆಕ್ಕೆ

ಸಮುದ್ರವನ್ನು ಕಣ್ಣಾರೆ ಕಾಣದವರು ಸಮುದ್ರದ ಹಲಗೆಯ ಕತೆ ಹೇಳಬಾರದು. ಹೇಳಹೊರಟಿದ್ದೇನೆ, ಓದುಗರು ಕ್ಷಮಿಸಬೇಕು. ಒಂದೇ ಸಮಾಧಾನವೆಂದರೆ, ಆ ಹಲಗೆ ಮಾಡಿದ ಪುಟ್ಟಬಸಪ್ಪ ಮೇಷ್ಟ್ರೂ ಅಲ್ಲಿಯವರೆಗೆ ಸಮುದ್ರ ಕಂಡವರಲ್ಲ.

ತೊಂದರೆಯೆಲ್ಲ ಶುರುವಾದದ್ದು ಒಂದು ಕಾಗದದ ಕೊನೆಯ ನಾಲ್ಕು ಸಾಲಿನಿಂದ.

ಪುಟ್ಟಬಸಪ್ಪ ಗುಂಡ್ಲುಪೇಟೆಯ ಮಿಡ್ಲ್ ಸ್ಕೂಲಿನಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು. ಮೊಳೆ ಹೊಡೆಯುವ ಮುಂಚೆ ಮೂರು ಸಲ ಅಳೆದು, ಹೊಡೆದ ಮೇಲೆ ಇನ್ನೊಂದು ಸಲ ಅಳೆದು ನಿಟ್ಟುಸಿರು ಬಿಡುವ ಜೀವ. ಗೂಡಲೂರಿನಾಚೆ ಟೀ ತೋಟವಿದ್ದ ಹಾರ್ಪರ್ ದೊರೆ, ಕಲ್ಲಿಕೋಟೆಯ ಕಡಲಿನಲ್ಲಿ ಅಲೆಯ ಮೇಲೆ ನಿಂತು ಜಾರುವ ಹಲಗೆಯೊಂದನ್ನು ಮಾಡಿಕೊಟ್ಟರೆ ಶಾಲೆಯ ಸೋರುವ ಸೂರಿಗೆ ಹೊಸ ಹೆಂಚು ಹೊದಿಸುವುದಾಗಿ ಮಾತು ಕೊಟ್ಟಿದ್ದ. ಹೆಡ್‌ಮಾಸ್ಟರ್ ನೀಲಕಂಠಸ್ವಾಮಿಗಳು ಒಪ್ಪಿಕೊಂಡರು. ಕೆಲಸ ಮೇಷ್ಟ್ರ ತಲೆಗೆ ಬಂತು. ಬೂರುಗದ ಮರ ಸೀಳಿಸಿ, ಮನೆಯ ಜಗಲಿಯ ಮೇಲೆ ಒಂದು ತಿಂಗಳು ಕೆತ್ತಿ, ಉಜ್ಜಿ, ಎಣ್ಣೆ ಕುಡಿಸಿ ಹಲಗೆಯನ್ನು ಮುಗಿಸಿದ್ದರು. ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ದೊರೆಯ ಕಾಗದ ಬಂತು. ಹೆಡ್‌ಮಾಸ್ಟರು ಇಂಗ್ಲಿಷನ್ನು ಕನ್ನಡ ಮಾಡಿ ಓದಿದರು.

“ಅಲೆಗಳು ಸಣ್ಣವು. ಹಲಗೆಯ ತಳದಲ್ಲಿ, ಹಿಂಬದಿಗೆ, ಮೀನಿನ ರೆಕ್ಕೆಯಂಥ ತುಂಡು ಒಂದೋ ಎರಡೋ ಇರಬೇಕು. ಯಾವುದು ಸರಿಯೆಂಬುದನ್ನು ಮಾಡುವವನ ಬುದ್ಧಿಗೆ ಬಿಟ್ಟಿದ್ದೇನೆ. ತಪ್ಪಿದರೆ ಹಲಗೆ ತನಗೆ ಬೇಕಾದ ಕಡೆ ಹೋಗುತ್ತದೆ. ಶನಿವಾರ ಸಂಜೆ ಬರುತ್ತೇನೆ.”

“ಹಲಗೆ ಅತ್ತ ಹೋದ್ರೆ ದೊರೆ ಎತ್ತ ಹೋಗ್ತಾರೆ ಸಾರ್?” ಎಂದರು ಮೇಷ್ಟ್ರು.

“ಅದನ್ನ ಬರೆದಿಲ್ಲ,” ಎಂದು ಹೆಡ್‌ಮಾಸ್ಟರು ಕಾಗದ ಮಡಿಸಿದರು.

ಮನೆಯ ದಾರಿಯುದ್ದಕ್ಕೂ ಮೇಷ್ಟ್ರ ಕಣ್ಣಮುಂದೆ ಖಾಲಿ ಟೋಪಿಯೊಂದು ನೀರಿನ ಮೇಲೆ ತೇಲುತ್ತಿತ್ತು. ಆಮೇಲೆ ಪೊಲೀಸರು, ಆಮೇಲೆ ಜಡ್ಜಿ. “ಎರಡು ಹಾಕಬೇಕಾದಲ್ಲಿ ಒಂದೇ ಏಕೆ ಹಾಕಿದೆ?” ಎಂದು ಜಡ್ಜಿ ಕೇಳಿದಂತಾಗಿ, ನಡುರಸ್ತೆಯಲ್ಲೇ ಕೈಮುಗಿದರು. ಎದುರು ಬರುತ್ತಿದ್ದ ಎಮ್ಮೆ ಬದಿಗೆ ಸರಿದು ದಾರಿ ಬಿಟ್ಟಿತು.

ಇನ್ನೊಂದು ಕಷ್ಟವಿತ್ತು. ಲಿಂಗ ಕಟ್ಟಿದ ಮನೆತನದ ಮೇಷ್ಟ್ರು ಮೀನನ್ನು ಹತ್ತಿರದಿಂದ ನೋಡಿದವರೇ ಅಲ್ಲ. ಒಳಗೆ ರೊಟ್ಟಿ ತಟ್ಟುತ್ತಿದ್ದ ಹೆಂಡತಿ ಚಂದ್ರಮತಿಯನ್ನು ಕೇಳಿದರು: “ಮೀನಿಗೆ ರೆಕ್ಕೆ ಎಷ್ಟಿರ್ತವೆ, ನಿನಗೇನಾದ್ರೂ ಗೊತ್ತಾ?”

“ಒಲೆ ಮುಂದೆ ಇದೇನ್ ಮಾತು? ಕೇಳಲೇಬೇಕು ಅಂದ್ರೆ ಬೀದೀಲಿ ನಿಂತ್ಕಂಡು ಕೇಳಿ.”

ಮೇಷ್ಟ್ರು ಹೇಳಿದ ಮಾತು ಕೇಳುವವರು. ಬೀದಿಯಲ್ಲಿ ನಿಂತೇ ಕೇಳಿದರು. ಹಾಗಾಗಿ ಬೀದಿಗೆ ಬೀದಿಯೇ ಉತ್ತರ ಕೊಟ್ಟಿತು.

ಪಕ್ಕದ ಮನೆಯ ಸಾಹುಕಾರ ಶಾಂತಮಲ್ಲಪ್ಪ ಎಲೆಅಡಿಕೆ ಜಗಿಯುತ್ತ ಬಂದರು. “ಒಂದೂ ಬ್ಯಾಡ, ಎರಡೂ ಬ್ಯಾಡ ಕಣ್ಲಾ ಬಸಪ್ಪ. ಮೂರು ಹಾಕು. ಹಣೇಲಿ ಈಬೂತಿ ಎಷ್ಟ್ ಗೆರೆ ಎಳ್ಕಂಡಿದ್ದೀಯೆ ನೀನು?”

ಕೆಲಸ ನೋಡಲು ಬಂದಿದ್ದ ಹೆಡ್‌ಮಾಸ್ಟರು ಕನ್ನಡಕ ಏರಿಸಿದರು. “ದೋಣಿಗೆ ಚುಕ್ಕಾಣಿ ಒಂದೇ ಇರೋದು. ಒಂದೇ ಸರಿ.”

ಎತ್ತು ಹೊಡೆದುಕೊಂಡು ಗದ್ದೆಗೆ ಹೊರಟಿದ್ದ ಮಾದಣ್ಣ ಅಲ್ಲೇ ನಿಂತ. “ಮೀನು ಕುಯ್ದು ತಿಂದಿರೋನು ನಾನು. ಕತ್ತಿನ್ ತಾವ ಈ ಕಡಿಕ್ಕೊಂದು ಆ ಕಡಿಕ್ಕೊಂದು. ಎರಡು ಕಣ್ ಮೇಷ್ಟ್ರೆ.”

“ತಪ್ಪಾಗಿ ದೊರೆ ಮುಳುಗಿಬಿಟ್ರೆ?” ಎಂದರು ಮೇಷ್ಟ್ರು.

“ಎಂಚು ಒದಿಸ್ಬುಟ್ಟು ಮುಳುಗ್ಲಿ ಬುಡು,” ಎಂದರು ಶಾಂತಮಲ್ಲಪ್ಪ.

ಮೇಷ್ಟ್ರು ಬೆವರು ಒರೆಸಿಕೊಂಡು ಹಲಗೆಯ ತಳದಲ್ಲಿ ಮೂರು ಸೀಳು ಕೊರೆದರು. ಮೂರು ರೆಕ್ಕೆ ಕೆತ್ತಿ, ಬೇಕಾದುದನ್ನು ಸಿಕ್ಕಿಸಿ ಬೆಣೆ ಹೊಡೆಯುವಂತೆ, ಬೇಡವಾದರೆ ಕೀಳುವಂತೆ ಮಾಡಿದರು. ಇದರಿಂದ ಹೆದರಿಕೆ ಕಡಿಮೆಯಾಗಲಿಲ್ಲ. ಇದುವರೆಗೆ ಒಂದು ತಪ್ಪು ಮಾಡಬಹುದಿತ್ತು. ಈಗ ಮೂರು ತಪ್ಪಿಗೂ ಜಾಗವಾಗಿತ್ತು.

“ಸುಮ್ಕೆ ಯಾಕೆ ಒದ್ದಾಡೀರಿ?” ಎಂದ ಮಾದಣ್ಣ. “ನಾಟಿಗೆ ಮುಂಚೆ ಗದ್ದೆ ಮಟ್ಟ ಮಾಡಕ್ಕೆ ನೀರೊಳಗೆ ಎತ್ತಿನ್ ಇಂದೆ ಅಲಗೆ ಕಟ್ಟಿ ಮ್ಯಾಲೆ ನಿಂತ್ಕಂಡು ಓಡಿಸಾಕಿಲ್ವಾ? ಇದೂ ಅಲಗೆ, ಅದೂ ನೀರು. ಬನ್ನಿ, ನೋಡೇಬುಡನ.”

ಕೆರೆಯ ಕೆಳಗಿನ ಗದ್ದೆಗೆ ಮೊಣಕಾಲುದ್ದ ನೀರು ಕಟ್ಟಿದ್ದರು. ಹಲಗೆಯ ಮೂತಿಗೆ ಹಗ್ಗ ಬಿಗಿದು ನೊಗಕ್ಕೆ ಕಟ್ಟಿದರು. ಮಾದಣ್ಣ ಬದುವಿನ ಮೇಲಿಂದ ಎತ್ತು ಹೊಡೆಯಬೇಕು, ಸಾಹುಕಾರರಿಗೆ ಮಂಡಿನೋವು, ಹೆಡ್‌ಮಾಸ್ಟರಿಗೆ ಸ್ಥಾನಮಾನ. ಕೊನೆಗೆ ಪಂಚೆ ಎತ್ತಿ ಕಟ್ಟಿ ಹಲಗೆಯ ಮೇಲೆ ನಿಂತವರು ಮೇಷ್ಟ್ರೇ.

ಮೊದಲು ಒಂದು ರೆಕ್ಕೆ. ಹಲಗೆ ಸರ್ರನೆ ಹೊರಟು, ತೊಟ್ಟಿಲಿನಂತೆ ತೂಗಿ, ಮೇಷ್ಟ್ರನ್ನು ಕೆಸರಿಗೆ ಒಪ್ಪಿಸಿತು. “ನಿಂತ ರೀತಿ ತಪ್ಪು,” ಎಂದರು ಹೆಡ್‌ಮಾಸ್ಟರು. ಆಮೇಲೆ ಮೂರು. ಮೂರೂ ನೇಗಿಲಿನಂತೆ ಮಣ್ಣು ಕಚ್ಚಿ ಹಲಗೆ ಅಲುಗಲೇ ಇಲ್ಲ. “ಎತ್ತಿಗೆ ಕಸುವಿಲ್ಲ,” ಎಂದರು ಶಾಂತಮಲ್ಲಪ್ಪ. ಕಡೆಗೆ ಎರಡು. ಹಲಗೆ ಅಳುಕುತ್ತ ಅಳುಕುತ್ತ ನೇರವಾಗಿ ಮುಂದೆ ಹೋಯಿತು. “ನಾನೇಳ್ನಿಲ್ವಾ,” ಎಂದು ಮಾದಣ್ಣ ಬಾರುಕೋಲು ಎತ್ತಿದ.

ಆ ಹೊತ್ತಿಗೆ ಸರಿಯಾಗಿ ಏರಿಯ ಮೇಲಿನ ರಸ್ತೆಯಲ್ಲಿ ಜೀಪಿನ ಹಾರನ್ ಕೂಗಿತು.

ಎತ್ತುಗಳು ಬೆದರಿ ಓಟ ಕಿತ್ತವು. ಗದ್ದೆಯ ಈ ಮೂಲೆಯಿಂದ ಆ ಮೂಲೆಗೆ, ಅಲ್ಲಿಂದ ತಗ್ಗಿನ ಬದು ಹಾರಿ ಮುಂದಿನ ಗದ್ದೆಗೆ, ಎರಡೂ ಕಡೆ ಕೆಸರುನೀರು ಆಳೆತ್ತರ ಚಿಮ್ಮಿಸುತ್ತ ಹಲಗೆ ಹಾರಿತು. ಮೇಷ್ಟ್ರು ಮಾತ್ರ ಬೀಳಲಿಲ್ಲ. ಬೀಳುವುದಕ್ಕೂ ಸ್ವಲ್ಪ ಧೈರ್ಯ ಬೇಕು. ಅಷ್ಟೂ ಅವರಲ್ಲಿ ಉಳಿದಿರಲಿಲ್ಲ. ಮಂಡಿ ಬಗ್ಗಿ, ಕೈ ಎರಡೂ ಚಾಚಿ, ಕಣ್ಣು ಮುಚ್ಚಿ, ನೆಟ್ಟ ಕಲ್ಲಿನಂತೆ ನಿಂತೇ ಇದ್ದರು. ಎರಡು ಸುತ್ತು ಹಾಕಿದ ಎತ್ತುಗಳು ತಾವೇ ದಣಿದು ಏರಿಯ ಕೆಳಗೆ ನಿಂತವು.

ಜೀಪಿನಲ್ಲಿ ಡ್ರೈವರನ ಪಕ್ಕ ಕೂತಿದ್ದ ಹಾರ್ಪರ್ ದೊರೆ ಚಪ್ಪಾಳೆ ತಟ್ಟುತ್ತಿದ್ದ. ಅವನ ಒಂದು ಕಾಲಿಗೆ ತೊಡೆಯವರೆಗೂ ಬಿಳಿಯ ಪ್ಲಾಸ್ಟರ್ ಪಟ್ಟಿ ಇತ್ತು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹೆಡ್‌ಮಾಸ್ಟರು ಕನ್ನಡದಲ್ಲಿ ಇಳಿಸಿದರು.

“ನಿನ್ನೆ ಕುದುರೆ ಮೇಲಿಂದ ಬಿದ್ದು ಕಾಲು ಮುರಿದಿದೆಯಂತೆ. ಹಲಗೆ ಇನ್ನು ಬೇಡ, ಹೆಂಚು ಹೇಗೂ ಕೊಡ್ತೀನಿ ಅಂತ ಹೇಳಿಹೋಗೋಕೆ ಬಂದ್ರಂತೆ.”

ಮೇಷ್ಟ್ರು ಕಣ್ಣು ತೆರೆದರು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿತು.

“ಆದ್ರೆ ನಿಮ್ಮನ್ನ ನೋಡಿದ ಮೇಲೆ ಮನಸ್ಸು ಬದಲಾಯಿತಂತೆ,” ಎಂದರು ಹೆಡ್‌ಮಾಸ್ಟರು. “ನಾಳೆ ಕಲ್ಲಿಕೋಟೇಲಿ ಸ್ನೇಹಿತರ ಜೊತೆ ಪಂತ ಇದೆಯಂತೆ. ಇಷ್ಟು ಗಟ್ಟಿಯಾಗಿ ನಿಲ್ಲೋರನ್ನ ಅವರ ದೇಶದಲ್ಲೂ ಕಂಡಿಲ್ಲವಂತೆ. ಅವರ ಬದಲು ನೀವು ನಿಲ್ಲಬೇಕಂತೆ.”

“ನನಗೆ ಈಜು ಬರಲ್ಲ ಅನ್ನಿ ಸಾರ್.”

ಹೆಡ್‌ಮಾಸ್ಟರು ಹೇಳಿದರು. ದೊರೆ ಹೊಟ್ಟೆ ಹಿಡಿದು ನಕ್ಕ.

“ಬೀಳದೇ ಇರೋನಿಗೆ ಈಜು ಯಾಕೆ ಅಂತಾರೆ. ಹೆಂಚಿನ ಮಾತೂ ಈಗ ಪಂತ ಗೆದ್ದ ಮೇಲಂತೆ. ಶಾಲೆ ನೆನೆಸಿಕೊಳ್ಳಿ ಬಸಪ್ಪನವರೆ. ರಜಾ ನಾನು ಬರ್ಕೊಂಡಾಯ್ತು.”

ಮೇಷ್ಟ್ರು ಹಲಗೆಯ ಎರಡೂ ರೆಕ್ಕೆ ಕಿತ್ತು, ಮೂರನ್ನೂ ಕೈಯಲ್ಲಿ ಹಿಡಿದು ಮೂವರ ಮುಖವನ್ನೂ ನೋಡಿದರು. “ಈಗ ಹೇಳಿ, ಎಷ್ಟು ಹಾಕ್ಲಿ?”

ಶಾಂತಮಲ್ಲಪ್ಪ ದೂರ ಸರಿದರು. “ನಾನು ದೊರೆಗೆ ಅಂತ ಏಳಿದ್ದು ಕಣ್ಲಾ. ನಿನ್ ಇಚಾರ ಬ್ಯಾರೆ.”

ಹೆಡ್‌ಮಾಸ್ಟರು ಚುಕ್ಕಾಣಿಯ ಸುದ್ದಿಯನ್ನೇ ಎತ್ತಲಿಲ್ಲ. ಮಾದಣ್ಣ ಎತ್ತಿನ ಗೊರಸು ನೋಡುತ್ತ ಕೂತ. ಸುದ್ದಿ ತಿಳಿದು ಓಡಿಬಂದ ಚಂದ್ರಮತಿ ರೊಟ್ಟಿಯ ಬುತ್ತಿಯನ್ನು ಜೀಪಿನೊಳಗೆ ಇಟ್ಟಳು. “ಅಲ್ಲೆಲ್ಲ ಮೀನು ಬೇಯಿಸ್ತಾರಂತೆ. ಎಷ್ಟೇ ಹಸಿದ್ರೂ ಏನೂ ಮುಟ್ಬೇಡಿ,” ಎಂದಳು. ಸೆರಗು ಕಣ್ಣಿಗೆ ಹೋಯಿತು.

ಜೀಪು ಹೊರಟಿತು. ತಿರುವು ದಾಟುವವರೆಗೂ ಹಿಂದಿನ ಸೀಟಿನಿಂದ ಬೆಣೆ ಹೊಡೆಯುವ, ಮತ್ತೆ ಕೀಳುವ ಸದ್ದು ಕೇಳುತ್ತಿತ್ತು.

ಮೇಷ್ಟ್ರು ಬುಧವಾರ ಬಸ್ಸಿನಲ್ಲಿ ಮರಳಿದರು. ಹಲಗೆ ಜೊತೆಗಿರಲಿಲ್ಲ. ಹೆಂಚು ಇನ್ನೂ ಬಂದಿರಲಿಲ್ಲ. ಯಾರು ಏನು ಕೇಳಿದರೂ ಅವರು ಬಾಯಿ ಬಿಡಲಿಲ್ಲ. ಕಡೆಗೆ ಎಷ್ಟು ರೆಕ್ಕೆ ಹಾಕಿದರು, ಅಲೆಯ ಮೇಲೆ ನಿಂತರೋ ಇಲ್ಲವೋ, ನನಗೆ ತಿಳಿಯದು.