ದೋಣಿಯಲ್ಲಿ ‘ಸ್ಟ್ಯಾಂಡ್ ಅಪ್’

ಹಳೆಯ ಸಹಪಾಠಿಗಳನ್ನು ಒಂದು ದಿನ ಒಟ್ಟು ಸೇರಿಸುವುದರಲ್ಲಿ ಎಂತ ಕಷ್ಟ ಉಂಟು? ಹನ್ನೆರಡು ಮಂದಿಗೆ ಹನ್ನೆರಡು ಕಾರ್ಡು ಬರೆದರೆ ಮುಗಿಯಿತು. ನಾನು ಬಿ.ಎ. ಪಾಸಾದವನು, ಮಣಿಪಾಲದಲ್ಲಿ ಗುಮಾಸ್ತ, ಮೇಲಾಗಿ ಹತ್ತು ವರ್ಷದ ಹಿಂದೆ ಆ ತರಗತಿಯ ಲೀಡರ್. ನನ್ನಿಂದಾಗದೆ ಇನ್ಯಾರಿಂದ ಆಗಬೇಕು!

ಉಡುಪಿಯ ಹೋಟೆಲಿನಲ್ಲಿ ಊಟ ಹಾಕಿಸಿ ಕಳಿಸಿಬಿಡಿ ಎಂದಳು ಹೆಂಡತಿ. ಊಟ ಯಾರು ಬೇಕಾದರೂ ಹಾಕಿಸುತ್ತಾರೆ, ನೆನಪು ಉಳಿಯಬೇಕು ಎಂದೆ. ನೆನಪು ಉಳಿಯಿತು.

ಯೋಜನೆ ಹೀಗಿತ್ತು: ಕೆಮ್ಮಣ್ಣಿನ ಹೊಳೆ ನಡುವಿನ ಕುದ್ರುವಿನಲ್ಲಿ, ಅಂದರೆ ನಡುಗಡ್ಡೆಯಲ್ಲಿ, ಭೋಜನ. ಹೋಗುವಾಗ ದೋಣಿಯಲ್ಲೇ ನಮ್ಮ ವಾಸುದೇವ ಮಾಸ್ತರಿಗೆ ಶಂಕರಪುರ ಮಲ್ಲಿಗೆಯ ಹಾರ. ಮಾಸ್ತರಿಗೆ ಅರವತ್ತು ದಾಟಿತ್ತು, ಈಜು ಬರುವುದಿಲ್ಲ. ನೀರೆಂದರೆ ಹೆದರಿಕೆ ಎಂದು ಹಿಂಜರಿದ ಅವರನ್ನು, ಜವಾಬ್ದಾರಿ ನನ್ನದು ಎಂದು ಕೈಹಿಡಿದು ಹತ್ತಿಸಿದವನು ನಾನೇ.

ದೋಣಿಯವನು ಗಡ್ಡ ಬಿಟ್ಟು, ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆಯನ್ನು ಹುಬ್ಬಿನ ತನಕ ಎಳೆದುಕೊಂಡಿದ್ದ. ಎರಡು ಸಲ ಮಾಡಿ ದಾಟಿಸುತ್ತೇನೆ ಎಂದ. ಒಂದೇ ತರಗತಿ, ಒಂದೇ ದೋಣಿ ಎಂದು ಅವನಿಗೊಂದು ಭಾಷಣ ಕೊಟ್ಟೆ. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಯಾರೂ ಏಳಬೇಡಿ ಎಂದಷ್ಟೇ ಹೇಳಿ ಬಿದಿರಿನ ಗಳ ಊರಿದ.

ನಡುಹೊಳೆ. ನಾನು ಹಾರ ಎತ್ತಿಕೊಂಡೆ. ಮಾಸ್ತರನ್ನು ನೋಡಿದ್ದೇ ಹತ್ತು ವರ್ಷದ ವಿದ್ಯೆಯೆಲ್ಲ ಕಳಚಿಬಿತ್ತು. ಹಳೆಯ ಗಂಟಲಿನಲ್ಲಿ ಕೂಗಿದೆ:

“ಸ್ಟ್ಯಾಂಡ್ ಅಪ್!”

ಕಾಪುವಿನ ವ್ಯಾಪಾರಿ, ಕಾರ್ಕಳದ ವಕೀಲ, ಹನ್ನೆರಡು ಮಂದಿಯೂ ಒಟ್ಟಿಗೆ ಎದ್ದರು. ಎಂಥ ಶಿಸ್ತು! “ನಮಸ್ತೇ” ಎಂಬುದನ್ನು ದೋಣಿಯಲ್ಲಿ ಹೇಳಿದೆವು. “ಸಾರ್” ಎಂಬುದನ್ನು ನೀರಿನೊಳಗೆ ಹೇಳಿದೆವು.

ತಲೆ ಮೇಲೆತ್ತಿದಾಗ ಮಲ್ಲಿಗೆಹಾರ ತೇಲುತ್ತಿತ್ತು. ಮಾಸ್ತರು ಇರಲಿಲ್ಲ. ಆ ಗಳಿಗೆಯ ಕುರಿತು ನನಗೆ ಹಾಸ್ಯ ಬರುವುದಿಲ್ಲ. ಬಾವಿಯಲ್ಲಿ ಕೊಡ ಮುಳುಗುವ ಸದ್ದು ಕೇಳಿದರೆ ಈಗಲೂ ಓಡಿಹೋಗಿ ಹಗ್ಗ ಎಳೆಯುತ್ತೇನೆ. ದೋಣಿಯವನು ಮುಳುಗಿದ, ಎಷ್ಟೋ ಹೊತ್ತಿನ ಮೇಲೆ ಮಾಸ್ತರ ಜುಟ್ಟು ಹಿಡಿದುಕೊಂಡೇ ಎದ್ದ.

ನಾವು ಈಜಿಯೂ ದೋಣಿಗೆ ಜೋತುಬಿದ್ದೂ ಕುದ್ರುವಿನ ಮರಳು ಸೇರಿದೆವು. ಮಾಸ್ತರು ನೀರು ಕಕ್ಕಿದರು, ಕೆಮ್ಮಿದರು. ಮತ್ತೆ ಎಲ್ಲರೂ ಬದುಕಿದ್ದೇವೆಯೋ ನೋಡಲು ಬಾಯಿಪಾಠದಲ್ಲೇ ಹಾಜರಿ ಕರೆಯತೊಡಗಿದರು. ಒಬ್ಬೊಬ್ಬರೂ ಹಲ್ಲು ಕಟಕಟಿಸುತ್ತಾ “ಹಾಜರ್ ಸಾರ್” ಎಂದೆವು. ಕೊನೆಗೆ ಕರೆದರು:

“ಶೀನ.”

ಉತ್ತರವಿಲ್ಲ. ಅವರು ಹೊಳೆಯ ಕಡೆ ತಿರುಗಿದರು. ಕೊನೆಯ ಬೆಂಚಿನ ಶೀನ! ನಮ್ಮಲ್ಲಿ ಫೇಲಾದವನು ಅವನೊಬ್ಬನೇ. ಪಾಸಾದವರ ಪಟ್ಟಿ ನೋಡಿ ಕಾರ್ಡು ಬರೆದಿದ್ದೆ. ಅವನಿಗೆ ಬರೆದೇ ಇರಲಿಲ್ಲ ಎಂಬುದು ನೆನಪಾಗುವ ಮೊದಲು, ಅವನನ್ನೂ ಮುಳುಗಿಸಿದೆನಲ್ಲಾ ಎಂದು ಮೊಣಕಾಲುದ್ದ ನೀರಿಗೆ ಇಳಿದಿದ್ದೆ.

“ಹಾಜರ್ ಸಾರ್.”

ಮಗುಚಿದ ದೋಣಿಯನ್ನು ನೆಟ್ಟಗೆ ಮಾಡುತ್ತಿದ್ದವನು ಹೇಳಿದ್ದ. ಮುಟ್ಟಾಳೆ ಹೊಳೆಪಾಲಾಗಿತ್ತು, ಈಗ ಮುಖ ಗುರುತಾಯಿತು.

“ಜುಟ್ಟಿಗೆ ಕೈ ಹಾಕಿದಾಗಲೇ ಶೀನನೇ ಅಂದುಕೊಂಡೆ,” ಎಂದರು ಮಾಸ್ತರು. “ಅಷ್ಟು ಧೈರ್ಯ ನಿಮ್ಮಲ್ಲಿ ಬೇರೆ ಯಾರಿಗಿತ್ತು!”

ನಾನು ಅವನ ಹತ್ತಿರ ಹೋದೆ. “ಶೀನಾ, ನಿನ್ನನ್ನು ಕರೆಯಬೇಕಿತ್ತು ಮಾರಾಯ.”

“ಕರೆದಿದ್ದಿ ಅಲ್ವಾ,” ಎಂದ ಅವನು, ದೋಣಿಯೊಳಗಿನ ನೀರು ಚೆಲ್ಲುತ್ತಾ. “ದೋಣಿ ತರಲಿಕ್ಕೆ.”

ನಾನೂ ಒಂದು ತೆಂಗಿನ ಚಿಪ್ಪು ಹೆಕ್ಕಿ ನೀರು ಚೆಲ್ಲಲು ಬಗ್ಗಿದೆ. ಅವನು ಚಿಪ್ಪನ್ನು ಮೆಲ್ಲನೆ ಕೈಯಿಂದ ತೆಗೆದುಕೊಂಡ.

“ನೀನು ಕುಳಿತುಕೋ.”

ಕ್ಲಾಸ್ ಲೀಡರ್ ಕುಳಿತುಕೊಂಡ.