ಬಿಸಿ ಇರುವಾಗಲೇ ಮಡಚಬೇಕು

ಸೋಲೇ ಗೆಲುವಿನ ಮೆಟ್ಟಿಲು ಎನ್ನುವವರೆಲ್ಲ ಮಹಡಿಯ ಮೇಲೆ ಕುಳಿತೇ ಅದನ್ನು ಹೇಳುತ್ತಾರೆ. ಮೆಟ್ಟಿಲ ಮೇಲೆ ನಿಂತವಳಿಗೆ ಕಾಲು ನೋಯುತ್ತದೆ, ಅಷ್ಟೇ. ಸಿದ್ದಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ನಾನು, ಕಾಯಂ ಕೆಲಸಕ್ಕೆ ಬೇಕಾದ ಅರ್ಹತಾ ಪರೀಕ್ಷೆಯಲ್ಲಿ ಅಂಥ ಮೂರು ಮೆಟ್ಟಿಲು ಕಂಡವಳು. ಮೂರನೆಯದರ ಮೇಲೆ ಕುಳಿತು, ಇನ್ನು ಬರೆಯುವುದೇ ಬೇಡ ಎಂದು ನಿಶ್ಚಯಿಸಿಯೂ ಆಗಿತ್ತು.

ಫೇಲಾಗುವುದು ಅಷ್ಟು ಕಷ್ಟವಲ್ಲ. ಮನೆಯಲ್ಲಿ ಹೇಳುವುದು ಕಷ್ಟ. ನನಗೆ ಜ್ವರ ಬಂದರೂ ಹೇಳಿಕೊಳ್ಳುವ ಅಭ್ಯಾಸವಿಲ್ಲ. ಮೊದಲೆರಡು ಸಲ ರಿಸಲ್ಟ್ ಇನ್ನೂ ಬಂದಿಲ್ಲ ಎಂದೆ. ಪಾಪ, ಮುಂದಿನ ವರ್ಷದ ಅರ್ಜಿ ಕರೆಯುವವರೆಗೂ ಅದು ಬರಲೇ ಇಲ್ಲ. ಅಂಕಪಟ್ಟಿ, ಉತ್ತರ ಹಾಳೆಯ ಪ್ರತಿ ಎಲ್ಲವೂ ಕಪಾಟಿನಲ್ಲಿ ಸೀರೆಗಳ ಅಡಿಗೆ ಹೋದವು. ಊರಿಗೆ ಹೋಗಲು ಶಿರಸಿಯಲ್ಲಿ ಹುಲೇಕಲ್ ಬಸ್ಸು ಹತ್ತಿದರೆ ಪಕ್ಕದವರು ಏನಾಯಿತೆಂದು ಕೇಳಿಯಾರೆಂದು ಕಿಟಕಿಗೆ ತಲೆಯಾನಿಸಿ ನಿದ್ದೆಯ ನಟನೆ ಮಾಡುತ್ತಿದ್ದೆ. ಆ ವಿಷಯಕ್ಕೊಂದು ಪರೀಕ್ಷೆಯಿದ್ದಿದ್ದರೆ ಮೊದಲ ಯತ್ನದಲ್ಲೇ ಪಾಸಾಗುತ್ತಿದ್ದೆ.

ಮೂರನೆಯ ರಿಸಲ್ಟ್ ಬಂದು ನಾಲ್ಕು ದಿನವಾಗಿತ್ತು. ಭಾನುವಾರ ಅಮ್ಮ, ನಮ್ಮ ಕಡೆಯ ಮಾತಿನಲ್ಲಿ ಆಯಿ, ತೊಡದೇವು ಎಂಬ ಸಿಹಿತಿಂಡಿ ಮಾಡುತ್ತಿದ್ದಳು. ಒಲೆಯ ಮೇಲೆ ಬೋರಲು ಹಾಕಿದ ಮಡಕೆ. ಅದರ ಬೆನ್ನಿಗೆ ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ಒಮ್ಮೆ ಸವರಿದರೆ ಕಾಗದದಷ್ಟು ತೆಳುವಾದ ಹಾಳೆ ಏಳುತ್ತದೆ. ಬಿಸಿ ಇರುವಾಗಲೇ ಅದನ್ನು ಮಡಚಬೇಕು, ಆರಿತೋ, ಪುಡಿ. ಮಡಚುವ ಕೆಲಸ ನನ್ನದು. ಮುರಿದದ್ದು ಮಡಚಿದವರ ಪಾಲು ಎಂಬುದು ನಮ್ಮನೆಯ ಕಾಯಿದೆ. ಹೇಳಲೋ ಬೇಡವೋ ಎಂದು ಯೋಚಿಸುತ್ತ ಕುಳಿತವಳ ಪಾಲು ಆ ದಿನ ಬಟ್ಟಲು ಮೀರಿತ್ತು.

ಏಳನೆಯದೂ ಮುರಿದಾಗ ಆಯಿ ಮಡಕೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಆರ್ಸಿ ಇಟ್ಗಂಡ್ರೆ ಮುರಿತು ಕೂಸೇ. ತೊಡದೇವೂ ಅಷ್ಟೆ, ಫೇಲಾದ್ದೂ ಅಷ್ಟೆ."

ಅವಳಿಗೆ ಮೂರೂ ಸಲ ಗೊತ್ತಿತ್ತು. ನನ್ನ ಬಸ್ಸಿನ ನಿದ್ದೆಗೆ ಊರಿನವರು ಯಾರೂ ಮೋಸ ಹೋಗಿರಲಿಲ್ಲ. ತಲೆ ತಗ್ಗಿಸಿ ಬೈಗುಳಕ್ಕೆ ಕಾದೆ. ಅದು ಬರಲಿಲ್ಲ. ಇನ್ನೊಂದು ಹಾಳೆ ಸವರಿ, "ಅಲ್ದಾ, ನಿಂಗೆ ಬರ್ದೇ ಹೋದ್ದು ಯಾವ್ ಪ್ರಶ್ನೆ?" ಎಂದಳು.

ಏಳನೆಯ ತರಗತಿಯವರೆಗೆ ಓದಿದ ಆಯಿಗೆ ಹೊಳೆದ ಈ ಮಾತು ಎರಡು ಪದವಿ ಪಡೆದವಳಿಗೆ ಮೂರು ವರ್ಷದಲ್ಲಿ ಹೊಳೆದಿರಲಿಲ್ಲ. ಬಚ್ಚಿಡುವ ಅವಸರದಲ್ಲಿ ಎಲ್ಲಿ ಸೋತೆ ಎಂದು ನಾನು ನೋಡಿಯೇ ಇರಲಿಲ್ಲ. ಕೈ ತೊಳೆದು ಹೋಗಿ ಸೀರೆಗಳ ಅಡಿಯಿಂದ ಹಾಳೆಗಳನ್ನು ತೆಗೆದೆ. ಮೂರರಲ್ಲೂ ಕೊನೆಯ ಹತ್ತು ಹದಿನೈದು ಪ್ರಶ್ನೆ ಖಾಲಿ. ಗುರುತು ಹಾಕಿದ್ದನ್ನೇ ಮತ್ತೆ ಮತ್ತೆ ಪರಿಶೀಲಿಸುವ ನನ್ನ ಕರಾರುವಾಕ್ಕಾದ ಸ್ವಭಾವಕ್ಕೆ ಕೊಟ್ಟ ಸಮಯ ಸಾಲುತ್ತಲೇ ಇರಲಿಲ್ಲ.

ಬೇಡವೆಂದಿದ್ದವಳು ಇನ್ನೊಮ್ಮೆ ಅರ್ಜಿ ಹಾಕಿದೆ. ಹಿಂದಿರುಗಿ ನೋಡದೆ ಬರೆದೆ. ಪಾಸಾಯಿತು. ಬಿಸಿ ಆರುವ ಮೊದಲೇ ಆಯಿಗೆ ಫೋನು ಮಾಡಿದೆ. ಸಂಜೆ ಬಸ್ಸು ಹತ್ತುವಷ್ಟರಲ್ಲಿ ಕಂಡಕ್ಟರಿಗೂ ವಿಷಯ ಮುಟ್ಟಿತ್ತು. ಅಂದು ನಿಜವಾಗಿಯೂ ನಿದ್ದೆ ಬಂದಿತ್ತು, ಯಾರೂ ಮಲಗಗೊಡಲಿಲ್ಲ.

ಈಗ ಊರಿನಲ್ಲಿ ಯಾರ ಮಕ್ಕಳು ಫೇಲಾದರೂ ನನ್ನ ಬಳಿ ಕಳಿಸುತ್ತಾರೆ. ಮಾತೇ ಬೇಡವೆನ್ನುವವಳಿಗೆ ಇದೆಂಥ ಗೆಲುವೋ. ಒಂದು ತುಂಡು ತೊಡದೇವು ಕೊಟ್ಟು, ಬಾರದ ಪ್ರಶ್ನೆ ಯಾವುದೆಂದು ಕೇಳುತ್ತೇನೆ. ತುಂಡಿಗೇನೂ ಬರವಿಲ್ಲ, ನನ್ನ ಕೈಯಲ್ಲಿ ಅದು ಇಂದಿಗೂ ಮುರಿಯುತ್ತದೆ. ಇಷ್ಟು ವರ್ಷವಾದರೂ ಕೈ ಪಳಗಲಿಲ್ಲವಲ್ಲ ಎಂದು ಆಯಿ ಮರುಗುತ್ತಾಳೆ. ಮುರಿದದ್ದು ಮಡಚಿದವರ ಪಾಲು ಎಂಬ ಕಾಯಿದೆ ಇರುವವರೆಗೆ ಅದು ಪಳಗುವುದೂ ಇಲ್ಲ. ಇದೊಂದನ್ನು ಮಾತ್ರ ಆಯಿಗೆ ಹೇಳಿಲ್ಲ.